ಒಂದೇ ಕಡಲು, ಹಲವು ಪರದೆ

ಲಕ್ಷ್ಮೇಶ್ವರದ ಬಳಿಯ ನಮ್ಮ ಯಳವತ್ತಿಗೆ ಸಮುದ್ರ ಬಹು ದೂರ. ಆದರೂ ಹಡಗುಗಳ ಎಲೆಕ್ಟ್ರಾನಿಕ್ ನಕ್ಷೆಯ ಸಮಸ್ಯೆಯನ್ನು ಗ್ರಹಿಸಲು ಅಲ್ಲಿಯ ರೈತನ ಪಹಣಿ ಸಾಕು. ‘ಭೂಮಿ’ ಯೋಜನೆಯಡಿ ಗಣಕೀಕೃತವಾದ ಪಹಣಿ ಯಳವತ್ತಿಯಲ್ಲಿ ಹೇಗಿದೆಯೋ ಬೀದರಿನಲ್ಲಿಯೂ ಹಾಗೆಯೇ ಇದೆ. ವರ್ಗವಾಗಿ ಬಂದ ನೌಕರ ಹೊಸ ತಂತ್ರಾಂಶ ಕಲಿಯಬೇಕಿಲ್ಲ. ಹಡಗು ಬದಲಿಸುವ ಅಧಿಕಾರಿಗೆ ಈ ಭಾಗ್ಯವಿಲ್ಲ.

ಕಾಗದದ ನಕ್ಷೆಯ ಸ್ಥಾನದಲ್ಲಿ ‘ಎಕ್ಡಿಸ್’ ಎಂಬ ವ್ಯವಸ್ಥೆಯನ್ನು ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 2012ರಿಂದ 2018ರವರೆಗೆ ಹಂತಹಂತವಾಗಿ ದೊಡ್ಡ ಹಡಗುಗಳಿಗೆ ಕಡ್ಡಾಯಗೊಳಿಸಿತು. ನಕ್ಷೆಯ ದತ್ತಾಂಶ, ಬಣ್ಣ, ಸಂಕೇತಗಳಿಗೆ ಅಂತರರಾಷ್ಟ್ರೀಯ ಮಾನದಂಡವಿತ್ತು. ಗುಂಡಿ, ಮೆನುಗಳ ಜೋಡಣೆಯನ್ನು ಮಾತ್ರ ಬಹುಮಟ್ಟಿಗೆ ತಯಾರಕರ ವಿವೇಚನೆಗೇ ಬಿಡಲಾಯಿತು. ಒಂದು ಯಂತ್ರದಲ್ಲಿ ಕಣ್ಣೆದುರಿಗಿರುವ ಆಯ್ಕೆ ಇನ್ನೊಂದರಲ್ಲಿ ಹಲವು ಮೆನುಗಳ ಒಳಗೆ ಅಡಗಿರುತ್ತದೆ.

ಪರಿಣಾಮ ಕಾಲ್ಪನಿಕವಲ್ಲ. 2013ರ ಸೆಪ್ಟೆಂಬರಿನಲ್ಲಿ ‘ಓವಿಟ್’ ಎಂಬ ಟ್ಯಾಂಕರ್ ಡೋವರ್ ಜಲಸಂಧಿಯ ವಾರ್ನ್ ಮರಳುದಿಬ್ಬದ ಮೇಲೆ ಹತ್ತಿ ನಿಂತಿತು. ಪರದೆಯಲ್ಲಿ ಗುರುತಿಸಿದ್ದ ಮಾರ್ಗವೇ ದಿಬ್ಬದ ಮೇಲೆ ಹಾದುಹೋಗಿತ್ತು. ಸುರಕ್ಷಿತ ಆಳದ ಮಿತಿಯನ್ನು ತಪ್ಪಾಗಿ ನಿಗದಿಪಡಿಸಲಾಗಿತ್ತು. ಎಚ್ಚರಿಕೆಯ ಸದ್ದು ಕೆಲಸ ಮಾಡುತ್ತಿರಲಿಲ್ಲ. ಹಡಗು ನೆಲ ಕಚ್ಚಿದ್ದು ಪಹರೆಯ ಅಧಿಕಾರಿಗೆ ತಿಳಿದದ್ದು 19 ನಿಮಿಷಗಳ ನಂತರ! ಇವರು ಅದೇ ಯಂತ್ರದ ತರಬೇತಿ ಪಡೆದವರೇ. ಆದ್ದರಿಂದ ‘ತರಬೇತಿ ಹೆಚ್ಚಿಸಿ’ ಎಂಬ ಮಾಮೂಲಿ ಪರಿಹಾರ ನನಗೆ ಒಪ್ಪಿಗೆಯಾಗದು.

ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಇದು ಹಳೆಯ ರೋಗ. ಯಂತ್ರ ಕೊಳ್ಳುವವನು ಮಾಲೀಕ, ಬಳಸುವವನು ನಾವಿಕ. ನಿಯಮ ಪಾಲಿಸುವ ಅಗ್ಗದ ಯಂತ್ರವಿದ್ದರೆ ಮಾಲೀಕನಿಗೆ ಸಾಕು. ಬಳಕೆಯ ತೊಡಕಿನ ವೆಚ್ಚ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ. ಅದು ನಡುರಾತ್ರಿಯ ಪಹರೆಯವನ ಹೆಗಲೇರುತ್ತದೆ. ಹೀಗಿರುವಾಗ ಏಕರೂಪತೆಯನ್ನು ಮಾರುಕಟ್ಟೆ ತಾನಾಗಿ ತಂದೀತೆಂದು ಕಾಯುವುದು ವ್ಯರ್ಥ.

2019ರಲ್ಲಿ ಸಂಸ್ಥೆಯು ‘ಎಸ್-ಮೋಡ್’ ಮಾರ್ಗಸೂಚಿಗೆ ಒಪ್ಪಿತು. ಮುಖ್ಯ ಕಾರ್ಯಗಳಿಗೆ ಒಂದೇ ಹೆಸರು, ಒಂದೇ ಚಿಹ್ನೆ, ಸುಲಭವಾಗಿ ಕೈಗೆಟಕುವ ಜಾಗ ಎಂಬುದು ಅದರ ಆಶಯ. ಆದರೆ ಎಕ್ಡಿಸ್ ಮಟ್ಟಿಗೆ ಅದು 2024ರ ಜನವರಿಯ ನಂತರ ಅಳವಡಿಸಿದ ಯಂತ್ರಗಳಿಗಷ್ಟೇ ಅನ್ವಯ. ಹಳೆಯ ಹಡಗುಗಳು ಹಳೆಯ ಪರದೆಗಳೊಂದಿಗೇ ನವಮಂಗಳೂರಿಗೂ ಬರುತ್ತವೆ, ಮುಂಬಯಿಗೂ ಹೋಗುತ್ತವೆ.

ಈ ಚರ್ಚೆಯಲ್ಲಿ ಭಾರತ ಬರಿಯ ಪ್ರೇಕ್ಷಕನಲ್ಲ. ಜಗತ್ತಿಗೆ ಹೆಚ್ಚು ನಾವಿಕರನ್ನು ಒದಗಿಸುವ ದೇಶಗಳಲ್ಲಿ ನಮ್ಮದೂ ಒಂದು. ಅವರಲ್ಲಿ ನಮ್ಮ ಕರಾವಳಿಯ ಯುವಕರೂ ಇದ್ದಾರೆ. ಡೆಹ್ರಾಡೂನಿನ ನಮ್ಮ ಜಲಮಾಪನ ಕಚೇರಿಯೇ ಈ ನಕ್ಷೆಗಳನ್ನು ಸಿದ್ಧಪಡಿಸುತ್ತದೆ. 2029ರಿಂದ ಹೊಸದಾಗಿ ಅಳವಡಿಸುವ ಎಕ್ಡಿಸ್‌ಗಳು ‘ಎಸ್-100’ ಎಂಬ ಹೊಸ ಮಾನದಂಡಕ್ಕೆ ಒಳಪಡಬೇಕು. ಆ ಯಂತ್ರಗಳನ್ನು ಅಂಗೀಕರಿಸುವ ಮೊದಲು ನಿದ್ದೆಗೆಟ್ಟ ನಾವಿಕರ ಕೈಯಲ್ಲಿಟ್ಟು ಪರೀಕ್ಷಿಸಬೇಕೆಂದು ನಮ್ಮ ನೌಕಾಯಾನ ಮಹಾನಿರ್ದೇಶನಾಲಯ ಈಗಲೇ ಪಟ್ಟು ಹಿಡಿಯಬೇಕು.