ಸತ್ತ ಕಾರ್ಲಿನ್‌ನನ್ನು ಮಾತಾಡಿಸಬೇಡಿ

ಜಾರ್ಜ್ ಕಾರ್ಲಿನ್ ತೀರಿಕೊಂಡದ್ದು 2008ರ ಜೂನ್ 22ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ, ಹೃದಯ ಕೈಕೊಟ್ಟು. ಆಗ ಅವನಿಗೆ ಎಪ್ಪತ್ತೊಂದು. ಅಂದಿನಿಂದ ಅವನು ಬಾಯಿ ಮುಚ್ಚಿದ್ದೇ ಇಲ್ಲ. ಅಮೆರಿಕದಲ್ಲಿ ಚುನಾವಣೆ ಬಂದರೆ ಮಾತಾಡುತ್ತಾನೆ, ಯುದ್ಧ ಶುರುವಾದರೆ ಮಾತಾಡುತ್ತಾನೆ. ಕೊರೊನಾ ಕಾಲದಲ್ಲಿ ಮಾಸ್ಕ್ ಬೇಡ ಅನ್ನುವವರೂ ಅವನ ವಿಡಿಯೋ ಹಂಚಿದರು, ಅವರನ್ನು ಗೇಲಿ ಮಾಡುವವರೂ ಅವನದೇ ಇನ್ನೊಂದು ವಿಡಿಯೋ ಹಂಚಿದರು. ಪ್ರತಿ ತುಣುಕಿನ ಕೆಳಗೂ ಅದೇ ಪಲ್ಲವಿ: ಕಾರ್ಲಿನ್ ಇವತ್ತು ಇದ್ದಿದ್ದರೆ...

ಇದ್ದಿದ್ದರೆ ಏನು ಹೇಳುತ್ತಿದ್ದ ಎಂದು ಯಾರಿಗೂ ಗೊತ್ತಿಲ್ಲ. ಹಾಗೆ ಗೊತ್ತಾಗುವಂತಿದ್ದರೆ ಅವನನ್ನು ನೋಡಲು ಜನ ಐವತ್ತು ವರ್ಷ ದುಡ್ಡು ಕೊಟ್ಟು ಹೋಗುತ್ತಿರಲಿಲ್ಲ. ಹಾಸ್ಯಗಾರನನ್ನು ನೆನೆಯುವುದು ಬೇರೆ, ಅವನ ಬಾಯಿಗೆ ನಮ್ಮ ಮಾತು ತುರುಕುವುದು ಬೇರೆ. ಈ ಎರಡನೆಯ ಕೆಲಸ ಮಾಡುತ್ತಿರುವವರು ಅವನ ಶತ್ರುಗಳಲ್ಲ, ಅಭಿಮಾನಿಗಳು. ನನ್ನ ತಕರಾರು ಇರುವುದು ಅಲ್ಲಿಯೇ.

ಇದು ಅವನು ಬದುಕಿದ್ದಾಗಲೇ ಆರಂಭವಾಗಿತ್ತು. 'ನಮ್ಮ ಕಾಲದ ವಿರೋಧಾಭಾಸ' ಎಂಬರ್ಥದ ಶೀರ್ಷಿಕೆಯ ಒಂದು ಬರಹ ಅವನ ಹೆಸರಿನಲ್ಲಿ ಇಮೇಲ್‌ಗಳಲ್ಲಿ ಊರೂರು ಸುತ್ತಿತು. ಹೆಂಡತಿ ಸತ್ತ ದುಃಖದಲ್ಲಿ ಬರೆದದ್ದು ಎಂಬ ಒಗ್ಗರಣೆ ಬೇರೆ. ನನಗೂ ವಾಟ್ಸಾಪಿನಲ್ಲಿ ಬಂದಿದೆ, ಶುಭೋದಯದ ಗುಲಾಬಿ ಹೂವಿನ ಸಮೇತ. ಅದನ್ನು ಬರೆದವರು ಸಿಯಾಟಲ್‌ನ ಬಾಬ್ ಮೂರ್‌ಹೆಡ್ ಎಂಬ ಪಾದ್ರಿ. ದೇವರನ್ನು ಜೀವಮಾನವಿಡೀ ವೇದಿಕೆಯ ಮೇಲೆ ಜಾಡಿಸಿದವನ ತಲೆಗೆ ಒಬ್ಬ ಪಾದ್ರಿಯ ಉಪದೇಶ ಕಟ್ಟಿದ್ದರು! ಕಾರ್ಲಿನ್ ತನ್ನ ವೆಬ್‌ಸೈಟಿನಲ್ಲೇ ಅದು ತನ್ನದಲ್ಲ ಎಂದು ಬರೆದ, ಬರಹವನ್ನೂ ಚೆನ್ನಾಗಿ ಹಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಬದುಕಿದ್ದವನ ನಿರಾಕರಣೆಗೇ ಬೆಲೆಯಿಲ್ಲದ ಮೇಲೆ ಸತ್ತವನ ಮೌನಕ್ಕೆ ಎಲ್ಲಿಯ ಬೆಲೆ?

2024ರ ಜನವರಿಯಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 'ಡೂಡ್ಸಿ' ಎಂಬ ಪಾಡ್‌ಕಾಸ್ಟಿನವರು ಕಾರ್ಲಿನ್‌ನ ಕಾರ್ಯಕ್ರಮಗಳನ್ನೆಲ್ಲ ಕೃತಕ ಬುದ್ಧಿಮತ್ತೆಗೆ ಉಣಿಸಿ, ಅವನದೇ ದನಿಯ ನಕಲಿನಲ್ಲಿ ಒಂದು ಗಂಟೆಯ ಹೊಸ ಕಾರ್ಯಕ್ರಮ ಹುಟ್ಟಿಸಿದ್ದೇವೆ ಎಂದರು. ಅದಕ್ಕಿಟ್ಟ ಹೆಸರು 'ಐಯಾಮ್ ಗ್ಲ್ಯಾಡ್ ಐಯಾಮ್ ಡೆಡ್'. ಮಗಳು ಕೆಲ್ಲಿ ಕಾರ್ಲಿನ್ ಬಹಿರಂಗವಾಗಿ ಪ್ರತಿಭಟಿಸಿದರು. ಕಾರ್ಲಿನ್‌ನ ಹಕ್ಕುದಾರರು ಲಾಸ್ ಏಂಜಲೀಸಿನ ಕೋರ್ಟಿಗೆ ಹೋದರು. ದಾವೆ ಬಿದ್ದ ಮೇಲೆ ಹೊರಬಿದ್ದ ಮಾತು ನೋಡಿ: ಅದನ್ನು ಬರೆದದ್ದು ಯಂತ್ರವಲ್ಲ, ಪಾಡ್‌ಕಾಸ್ಟಿನ ಇಬ್ಬರಲ್ಲಿ ಒಬ್ಬರಾದ ಚಾಡ್ ಕಲ್ಟ್‌ಜೆನ್ ಎಂದು ಅವರ ಕಡೆಯವರೇ ಹೇಳಿದರು. ಏಪ್ರಿಲ್‌ನಲ್ಲಿ ರಾಜಿಯಾಯಿತು, ಕಾರ್ಯಕ್ರಮವನ್ನು ತೆಗೆದುಹಾಕಿದರು. ಮನುಷ್ಯನೊಬ್ಬ ಬರೆದು, ಯಂತ್ರದ ಹೆಸರು ಹೇಳಿ, ಹೆಣದ ದನಿಯಲ್ಲಿ ಓದಿಸಿದ ಹಾಗಾಯಿತು. ಮೈಮೇಲೆ ದೇವರು ಬಂತು ಎನ್ನುವವರ ಕಸುಬೂ ಇದಕ್ಕಿಂತ ನೇರ.

ಈ ಎಲ್ಲದರ ಹಿಂದಿರುವ ನಂಬಿಕೆ ಒಂದೇ. ಕಾರ್ಲಿನ್ ಎಂದರೆ ಒಂದು ಒರಟು ಗಂಟಲು, ಒಂದಿಷ್ಟು ಸಿಟ್ಟು, ನಾಲ್ಕಾರು ಕೆಟ್ಟ ಪದ. ಅವನ್ನು ಕಲಸಿದರೆ ಯಾವ ವಿಷಯಕ್ಕೆ ಬೇಕಾದರೂ ಕಾರ್ಲಿನ್ ಸಿದ್ಧ. ನಾನು ಭಾಷಾವಿಜ್ಞಾನದ ವಿದ್ಯಾರ್ಥಿನಿ. ಸರ್ಕಾರಿ ಸುತ್ತೋಲೆಗಳ ಕನ್ನಡದ ಮೇಲೆ ಪಿಎಚ್‌.ಡಿ. ಮಾಡುತ್ತಿರುವವಳು. ಅವನ ಧ್ವನಿಮುದ್ರಿಕೆಗಳನ್ನು ಆ ಕಿವಿಯಿಂದ ಕೇಳಿದಾಗ ನನಗೆ ಕಾಣುವವನು ವಿದೂಷಕನಷ್ಟೇ ಅಲ್ಲ, ವೈಯಾಕರಣಿ ಕೂಡ.

ಅವನ ಅತಿ ಪ್ರಸಿದ್ಧ ತುಣುಕನ್ನೇ ತೆಗೆದುಕೊಳ್ಳಿ. 1972ರ 'ಕ್ಲಾಸ್ ಕ್ಲೌನ್' ಮುದ್ರಿಕೆಯಲ್ಲಿ ಟಿವಿಯಲ್ಲಿ ಆಡಬಾರದ ಏಳು ಪದಗಳ ಬಗ್ಗೆ ಮಾತಿದೆ. ಎಲ್ಲರಿಗೂ ನೆನಪಿರುವುದು ಆ ಏಳು ಪದ. ಆದರೆ ಅವನು ಅಲ್ಲಿ ಮಾಡುವುದು ಬೈಗುಳವಲ್ಲ, ವರ್ಗೀಕರಣ. ಯಾವ ಪದ ಕೆಲವೊಮ್ಮೆ ಮಾತ್ರ ಕೆಟ್ಟದ್ದು, ಯಾವುದಕ್ಕೆ ಎರಡು ಅರ್ಥ, ಯಾವುದು ಪಟ್ಟಿಯಲ್ಲಿ ಇರಲೇ ಲಾಯಕ್ಕಿಲ್ಲ. ಅದೇ ವರ್ಷ ಜುಲೈ 21ರಂದು ಮಿಲ್ವಾಕಿಯ ಸಮ್ಮರ್‌ಫೆಸ್ಟ್‌ನಲ್ಲಿ ಇದನ್ನು ಹೇಳಿದ್ದಕ್ಕೆ ಪೊಲೀಸರು ಹಿಡಿದರು. ಡಿಸೆಂಬರಿನಲ್ಲಿ ನ್ಯಾಯಾಧೀಶರು ಪ್ರಕರಣ ಕೈಬಿಟ್ಟರು. ಮರುವರ್ಷ ಅಕ್ಟೋಬರ್ 30ರ ಮಧ್ಯಾಹ್ನ ನ್ಯೂಯಾರ್ಕಿನ ಡಬ್ಲ್ಯೂಬಿಎಐ ರೇಡಿಯೋ ಅದೇ ವಿಷಯದ ಮುಂದಿನ ಆವೃತ್ತಿಯನ್ನು ಪ್ರಸಾರ ಮಾಡಿತು. ಸಮಾಜ ಭಾಷೆಯನ್ನು ಹೇಗೆ ನೋಡುತ್ತದೆ ಎಂಬ ಕಾರ್ಯಕ್ರಮದ ಭಾಗವಾಗಿ ಎಂಬುದನ್ನು ಗಮನಿಸಿ. ಮಗನೊಂದಿಗೆ ಕಾರಿನಲ್ಲಿ ಹೋಗುತ್ತಿದ್ದ ಒಬ್ಬರು ಕೇಳಿಸಿಕೊಂಡು ದೂರು ಕೊಟ್ಟರು. ಆ ಒಂದು ದೂರು ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. 1978ರ ಜುಲೈ 3ರಂದು ಐದು-ನಾಲ್ಕರ ಬಹುಮತದಲ್ಲಿ ರೇಡಿಯೋ ಸೋತಿತು. ಪದಗಳು ಅಶ್ಲೀಲ ಅಲ್ಲ, ಆದರೆ ಅಸಭ್ಯ. ಮಕ್ಕಳು ಕೇಳುವ ಹೊತ್ತಿನಲ್ಲಿ ಸರ್ಕಾರ ಅವುಗಳಿಗೆ ಕಡಿವಾಣ ಹಾಕಬಹುದು. ಈ ತೀರ್ಪಿನ ಅನುಬಂಧದಲ್ಲಿ ಕಾರ್ಲಿನ್‌ನ ಇಡೀ ತುಣುಕು ಅಕ್ಷರಶಃ ಅಚ್ಚಾಗಿದೆ. ರೇಡಿಯೋದಲ್ಲಿ ಆಡಬಾರದ್ದು ಸರ್ವೋಚ್ಚ ನ್ಯಾಯಾಲಯದ ವರದಿ ಸಂಪುಟದಲ್ಲಿ ಎಂದೆಂದಿಗೂ ಉಳಿಯಿತು. ಅವನು ಆ ತುಣುಕಿನಲ್ಲಿ ಕೇಳಿದ ಪ್ರಶ್ನೆಗೆ, ಅಂದರೆ ಒಂದೇ ಪದ ಎಲ್ಲಿ ಕೆಟ್ಟದ್ದು, ಎಲ್ಲಿ ಅಲ್ಲ ಎಂಬುದಕ್ಕೆ, ಕೋರ್ಟು ತಾನೇ ಉದಾಹರಣೆಯಾಯಿತು.

1990ರ 'ಡೂಯಿನ್ ಇಟ್ ಅಗೇನ್'ನಲ್ಲಿ ಅವನು ಇದೇ ಕೆಲಸವನ್ನು ತಿರುವು ಹಾಕಿದ. ಈ ಸಲ ಗುರಿ ಕೆಟ್ಟ ಪದಗಳಲ್ಲ, ಒಳ್ಳೆಯ ಪದಗಳು. ಮೊದಲ ಮಹಾಯುದ್ಧದಲ್ಲಿ ಸೈನಿಕನ ನರಗಳು ಕುಸಿದರೆ ಅದಕ್ಕೆ 'ಶೆಲ್ ಶಾಕ್' ಎಂದರು. ಎರಡನೆಯದರಲ್ಲಿ 'ಬ್ಯಾಟಲ್ ಫಟೀಗ್', ಕೊರಿಯಾದಲ್ಲಿ 'ಆಪರೇಷನಲ್ ಎಕ್ಸಾಶನ್', ವಿಯೆಟ್ನಾಂ ಮುಗಿಯುವ ಹೊತ್ತಿಗೆ 'ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್'. ಹೆಸರು ಉದ್ದವಾದಂತೆ ಅದರೊಳಗಿನ ಗುಂಡಿನ ಸದ್ದು ಅಡಗುತ್ತಾ ಹೋಯಿತು ಎಂಬುದು ಅವನ ವಾದ. ಸುತ್ತೋಲೆಗಳ ರಾಶಿಯಲ್ಲಿ ಕೂತ ನನಗೆ ಇದು ದಿನನಿತ್ಯದ ಅನುಭವ. ಮನೆ ಒಡೆದರೆ 'ತೆರವು', ಒಡೆಸಿಕೊಂಡವರು 'ಫಲಾನುಭವಿಗಳು'.

ಆದರೆ ಇಲ್ಲೇ ಅವನ ಜೊತೆ ನನಗೆ ಜಗಳವೂ ಇದೆ. ಅಭಿಮಾನಿಗಳು ಈ ಜಗಳ ಆಡುವುದೇ ಇಲ್ಲ. ಅದೇ ಕಾರ್ಯಕ್ರಮದಲ್ಲಿ ಅವನು ಅಂಗವೈಕಲ್ಯ ಇರುವವರಿಗೆ ಬಳಸುವ ಹೊಸ ಪದಗಳನ್ನೂ ಅದೇ ತಕ್ಕಡಿಗೆ ಹಾಕುತ್ತಾನೆ. ಮೆತ್ತಗಿನ ಪದವೆಲ್ಲ ಸುಳ್ಳು ಎಂಬುದು ಅವನ ಸೂತ್ರ. ಕನ್ನಡದಲ್ಲಿ ಕೂತು ಯೋಚಿಸಿದರೆ ಈ ಸೂತ್ರ ಅರ್ಧ ಮಾತ್ರ ನಿಲ್ಲುತ್ತದೆ. 'ಹರಿಜನ' ಎಂಬುದು ಮೇಲಿನಿಂದ ಬಂದ ಮೆತ್ತಗಿನ ಪದ. ಅದನ್ನು ತಳ್ಳಿ ಆ ಜನ ತಾವೇ ಎತ್ತಿಕೊಂಡ 'ದಲಿತ' ಎಂಬುದರಲ್ಲಿ ತುಳಿತದ ನೋವು ನೇರವಾಗಿದೆ. ಇಲ್ಲಿ ಕಾರ್ಲಿನ್ ಗೆದ್ದ. ಆದರೆ ಜಾತಿಯ ಹೆಸರು ಹಿಡಿದು ಕರೆಯುತ್ತಿದ್ದ ಜಾಗದಲ್ಲಿ 'ಪೌರಕಾರ್ಮಿಕ' ಎಂಬ ಪದ ಬಂತಲ್ಲ, ಅದು ಮೆತ್ತಗಿನದ್ದೇ, ಆದರೂ ಸುಳ್ಳಲ್ಲ. ಪದ ಒರಟೋ ನಯವೋ ಎಂಬುದಕ್ಕಿಂತ ಹೆಸರಿಡುತ್ತಿರುವವರು ಯಾರು ಎಂಬುದು ನನಗೆ ಮುಖ್ಯ. ಕಾರ್ಲಿನ್ ಈ ಪ್ರಶ್ನೆಯ ಹತ್ತಿರ ಬಂದು ನಗೆಯ ಆಸೆಗೆ ತಿರುಗಿ ಹೋದ ಅನ್ನಿಸುತ್ತದೆ. ಕೊನೆಯ ವರ್ಷಗಳಲ್ಲಿ ಮನುಕುಲವೇ ಹಾಳಾಗಲಿ, ನಾನು ಮತ ಹಾಕುವುದಿಲ್ಲ ಎಂದು ಕೈತೊಳೆದುಕೊಂಡದ್ದೂ ನನಗೆ ಒಪ್ಪಿಗೆಯಿಲ್ಲ. ಅದು ದುಡ್ಡಿದ್ದವನ ವೈರಾಗ್ಯ.

ಇನ್ನು ಅವನ 'ವಾರಸುದಾರ'ರ ವಿಷಯ. ಏನು ಬೇಕಾದರೂ ಹೇಳುವ ಹಕ್ಕು ಹಾಸ್ಯಗಾರನಿಗಿದೆ, ನೊಂದುಕೊಳ್ಳುವವರು ಎದ್ದುಹೋಗಲಿ, ಕಾರ್ಲಿನ್ ಕಲಿಸಿದ್ದೇ ಇದು ಎನ್ನುವವರು ಇಂಗ್ಲಿಷಿನಲ್ಲೂ ಇದ್ದಾರೆ, ನಮ್ಮ ಬೆಂಗಳೂರಿನ ಓಪನ್ ಮೈಕ್‌ಗಳಲ್ಲೂ ಇದ್ದಾರೆ. ಅವರು 1990ರ ಲ್ಯಾರಿ ಕಿಂಗ್ ಸಂದರ್ಶನ ನೋಡಬೇಕು. ಆಂಡ್ರ್ಯೂ ಡೈಸ್ ಕ್ಲೇ ಎಂಬ ಆಗಿನ ಜನಪ್ರಿಯ ಹಾಸ್ಯಗಾರನ ಬಗ್ಗೆ ಕೇಳಿದಾಗ ಕಾರ್ಲಿನ್, ಅವನಿಗೆ ಮಾತಾಡುವ ಹಕ್ಕಿದೆ ಎಂದು ಒಪ್ಪಿದ. ಕೂಡಲೇ, ಅವನ ಗುರಿಗಳೆಲ್ಲ ದುರ್ಬಲರೇ ಆಗಿದ್ದಾರೆ, ಹೆಂಗಸರು, ಸಲಿಂಗಿಗಳು, ವಲಸೆ ಬಂದವರು. ಹಾಸ್ಯ ಪರಂಪರೆಯಿಂದ ಕೆಣಕುತ್ತ ಬಂದದ್ದು ಅಧಿಕಾರವನ್ನು ಎಂದೂ ಸೇರಿಸಿದ. (ಅದೇ ವರ್ಷ ಅವನೇ ಅತ್ಯಾಚಾರದ ಬಗ್ಗೆಯೂ ತಮಾಷೆ ಸಾಧ್ಯ ಎಂದು ವೇದಿಕೆಯ ಮೇಲೆ ವಾದಿಸಿದ್ದ. ಅದನ್ನೂ ಮುಚ್ಚಿಡಬಾರದು.)

2001ರಲ್ಲಿ ನಡೆದದ್ದು ಇನ್ನೂ ಮುಖ್ಯ. ಸೆಪ್ಟೆಂಬರ್ 10ರ ರಾತ್ರಿ ಲಾಸ್ ವೇಗಸ್‌ನಲ್ಲಿ ಅವನು, ಬಹಳ ಜನ ಒಟ್ಟಿಗೆ ಸತ್ತರೆ ತನಗೆ ಒಂಥರಾ ಖುಷಿ ಎಂಬರ್ಥದ ಶೀರ್ಷಿಕೆಯ ಕಾರ್ಯಕ್ರಮ ಕೊಟ್ಟಿದ್ದ. ಬೆಳಗಾದರೆ ಸೆಪ್ಟೆಂಬರ್ 11. ಆ ಶೀರ್ಷಿಕೆಯನ್ನೂ ಆ ಭಾಗವನ್ನೂ ಅವನು ತೆಗೆದಿಟ್ಟು ನವೆಂಬರಿನಲ್ಲಿ ಬೇರೆ ಹೆಸರಿನ ಕಾರ್ಯಕ್ರಮ ಮಾಡಿದ. ಹಳೆಯ ಮುದ್ರಣ ಹೊರಬಂದದ್ದು 2016ರಲ್ಲಿ, ಅವನು ಸತ್ತು ಎಂಟು ವರ್ಷದ ಮೇಲೆ. ಏನು ಬೇಕಾದರೂ ಹೇಳಬಲ್ಲವನು ಏನನ್ನು ಯಾವಾಗ ಹೇಳಬಾರದು ಎಂದೂ ಬಲ್ಲವನಾಗಿದ್ದ.

1962ರ ಡಿಸೆಂಬರಿನಲ್ಲಿ ಷಿಕಾಗೋದ ಗೇಟ್ ಆಫ್ ಹಾರ್ನ್ ಕ್ಲಬ್ಬಿನಲ್ಲಿ ಲೆನ್ನಿ ಬ್ರೂಸ್‌ನನ್ನು ಪೊಲೀಸರು ವೇದಿಕೆಯಿಂದ ಎಳೆದಾಗ ಇಪ್ಪತ್ತೈದರ ಕಾರ್ಲಿನ್ ಪ್ರೇಕ್ಷಕರ ನಡುವೆ ಇದ್ದ. ಗುರುತಿನ ಚೀಟಿ ತೋರಿಸು ಎಂದದ್ದಕ್ಕೆ ಒಪ್ಪಲಿಲ್ಲ. ಅವನನ್ನೂ ಬ್ರೂಸ್ ಇದ್ದ ವ್ಯಾನಿಗೇ ಹತ್ತಿಸಿದರು. ಈ ಕಥೆಯನ್ನು ನಮ್ಮ ಹಾಸ್ಯಪ್ರಿಯರು ಬಾಯಿ ಚಪ್ಪರಿಸಿ ಹೇಳುತ್ತಾರೆ. 2021ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಮುನವ್ವರ್ ಫಾರೂಕಿಯ ಪ್ರದರ್ಶನ ನಡೆಸದಂತೆ ಆಯೋಜಕರಿಗೆ ಹೇಳಿದರು, ಪ್ರದರ್ಶನ ರದ್ದಾಯಿತು. ಅಷ್ಟರಲ್ಲಾಗಲೇ ಆತ ಇಂದೋರಿನಲ್ಲಿ ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದು ಬಂದಿದ್ದ. ಆ ವಾರ ನನ್ನ ಫೋನಿಗೆ ಕಾರ್ಲಿನ್‌ನ ವಿಡಿಯೋ ಕಳಿಸಿದವರು ಬಹಳ ಮಂದಿ. ಪ್ರದರ್ಶನ ನಿಲ್ಲಿಸಿದ್ದು ತಪ್ಪು ಎಂದು ತಮ್ಮ ಹೆಸರು ಹಾಕಿ ಎರಡು ಸಾಲು ಬರೆದವರು ಕಡಿಮೆ. ಸತ್ತ ಅಮೆರಿಕನ್ನನ ಧೈರ್ಯಕ್ಕೆ ಇಲ್ಲಿ ಯಾರೂ ನೋಟಿಸು ಕೊಡುವುದಿಲ್ಲ.

ಅವನ ನಿಜವಾದ ಪ್ರಭಾವ ಎಲ್ಲಿದೆ ಎಂದರೆ, ನನ್ನ ಮಟ್ಟಿಗೆ, ಕಸುಬಿನಲ್ಲಿ. 1977ರಿಂದ 2008ರವರೆಗೆ ಎಚ್‌ಬಿಒಗೆ ಹದಿನಾಲ್ಕು ಕಾರ್ಯಕ್ರಮ ಮಾಡಿದ. ಒಂದು ಮುಗಿದ ಮೇಲೆ ಅದನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಮೊದಲಿನಿಂದ ಬರೆಯಲು ಕೂರುತ್ತಿದ್ದ. ಹದಿನೈದು ವರ್ಷ ಒಂದೇ ಗಂಟೆಯ ಸರಕನ್ನು ತಿರುಗಿಸುತ್ತಿದ್ದ ತಾನು ಇದನ್ನು ಕೇಳಿ ಬದಲಾದೆ ಎಂದು ಲೂಯಿ ಸಿ.ಕೆ. ಹೇಳಿಕೊಂಡಿದ್ದಾನೆ (ಅವನೇ 2017ರಲ್ಲಿ ಒಪ್ಪಿಕೊಂಡ ದುರ್ನಡತೆಯನ್ನು ಬಲ್ಲೆ, ಆದರೂ ಸಾಕ್ಷ್ಯ ಸಾಕ್ಷ್ಯವೇ). ವರ್ಷಗಟ್ಟಲೆ ಅದೇ ಗಂಡ-ಹೆಂಡತಿ ಜೋಕು, ಅದೇ ಮಲ್ಲೇಶ್ವರ-ಜಯನಗರದ ಜೋಕು ಹೊತ್ತು ತಿರುಗುವ ನಮ್ಮ ಹುಡುಗರು ಕಾರ್ಲಿನ್‌ನಿಂದ ಬೈಗುಳ ಕಲಿತಷ್ಟು ಬೇಗ ಇದನ್ನು ಕಲಿತಿಲ್ಲ.

ಅವನ ಬರಹದ ಕಾಗದಗಳನ್ನು ಕೆಲ್ಲಿ ಕಾರ್ಲಿನ್ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿರುವ ನ್ಯಾಷನಲ್ ಕಾಮಿಡಿ ಸೆಂಟರ್‌ಗೆ ಕೊಟ್ಟಿದ್ದಾರೆ. ಕೈಬರಹದ ಟಿಪ್ಪಣಿಗಳು, ಚೀಟಿಗಳು, ವಿಷಯವಾರು ವಿಂಗಡಿಸಿಟ್ಟ ಕಡತಗಳು. ಏಳು ಪದಗಳ ಪಟ್ಟಿ ಹಿಡಿದು ಜಾಲತಾಣದಲ್ಲಿ ಕಾರ್ಲಿನ್ ಹುಡುಕುವ ಬದಲು, ಒಂದು ತುಣುಕಿನ ಎರಡು ಆವೃತ್ತಿಗಳನ್ನು, 1972ರದ್ದನ್ನೂ ರೇಡಿಯೋದಲ್ಲಿ ಬಂದ 1973ರದ್ದನ್ನೂ, ಪಕ್ಕಪಕ್ಕ ಇಟ್ಟು ಕೇಳಿ. ಯಾವ ಪದ ಬದಲಾಗಿದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವುದನ್ನು ಬಿಟ್ಟಿದ್ದಾನೆ ಎಂದು ಬರೆದುಕೊಳ್ಳಿ. ಎರಡನೆಯದು ಸಿಗದಿದ್ದರೆ ಚಿಂತೆಯಿಲ್ಲ, ಸುಪ್ರೀಂ ಕೋರ್ಟಿನ ತೀರ್ಪಿನ ಕೊನೆಯ ಪುಟಗಳನ್ನು ತೆರೆದರೆ ಸಾಕು.