ಪುಕ್ಕಟೆ ಆಟದ ದುಬಾರಿ ಬೆಲೆ

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ನಮ್ಮ ಜಾಯಮಾನವನ್ನು ಆಟದ ಕಂಪನಿಗಳು ಚೆನ್ನಾಗಿ ಅರಿತಿವೆ. ಪಾತ್ರ ವಹಿಸಿ ಆಡುವ ಎಷ್ಟೋ ಆನ್‌ಲೈನ್ ಆಟಗಳಿಗೆ ಇಂದು ಪ್ರವೇಶಧನವಿಲ್ಲ. ಆದರೆ ಮೂರು ದಶಕಗಳನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ, ಒಟ್ಟು ವೆಚ್ಚವನ್ನು ಮರೆಮಾಚುವ ಯಾವ ಟೆಂಡರೂ ಶಂಕಾಸ್ಪದವೇ.

2020ರಲ್ಲಿ ಬಿಡುಗಡೆಯಾದ, ಚೀನಾ ಮೂಲದ 'ಗೆನ್‌ಶಿನ್ ಇಂಪ್ಯಾಕ್ಟ್' ಆಟವನ್ನೇ ನೋಡಿ. ಕೊಟ್ಟ ಹಣ ಮೊದಲು ಹರಳಾಗುತ್ತದೆ, ಹರಳು ರತ್ನವಾಗುತ್ತದೆ, 160 ರತ್ನಗಳಿಗೆ ಒಂದು ಅದೃಷ್ಟದ ಚೀಟಿ. ಅತ್ಯುನ್ನತ ದರ್ಜೆಯ ಪಾತ್ರ ದೊರೆಯುವ ಮೂಲ ಸಾಧ್ಯತೆ ಶೇಕಡಾ 0.6. ತೊಂಬತ್ತು ಚೀಟಿಗಳೊಳಗೆ ಒಂದು ಖಚಿತ, ನಿಜ. ಅದು ಬಯಸಿದ್ದೇ ಆಗಬೇಕೆಂದಿಲ್ಲ. ದುರದೃಷ್ಟಶಾಲಿಗೆ 180 ಚೀಟಿ, ಅಂದರೆ 28,800 ರತ್ನ ಬೇಕಾದೀತು. ಇದು ಎಷ್ಟು ರೂಪಾಯಿಯೆಂದು ಹನ್ನೆರಡರ ಬಾಲಕ ಹೇಗೆ ಎಣಿಸಿಯಾನು? ಎಣಿಕೆ ತಪ್ಪಿಸುವುದೇ ಈ ಏರ್ಪಾಡಿನ ಮರ್ಮ.

ಹಣ ಕೊಡದೆಯೂ ಆಡಬಹುದಲ್ಲ ಎನ್ನುವವರಿದ್ದಾರೆ. ಆಡಬಹುದು, ಆಗ ತೆರುವುದು ಆಯುಷ್ಯವನ್ನು. ಅಲ್ಲಿ ಆಟಗಾರನ ಶಕ್ತಿ ಎಂಟು ನಿಮಿಷಕ್ಕೊಂದು ಅಂಶದಂತೆ ತುಂಬುತ್ತದೆ. ಮಿತಿ ಮುಟ್ಟಿದೊಡನೆ ನಿಲ್ಲುತ್ತದೆ. ದಿನಕ್ಕೆ ನಾಲ್ಕು ಕಾರ್ಯಭಾರ. ತಪ್ಪಿದರೆ ಆ ದಿನದ ಬಹುಮಾನ ಹೋಯಿತು. ಇದು ವಿನೋದವಲ್ಲ, ಸಂಬಳವಿಲ್ಲದ ಹಾಜರಿ.

ಕಂಪನಿಗಳ ಪ್ರಾಮಾಣಿಕತೆಯನ್ನು ನಂಬೋಣವೇ? 'ಮೇಪಲ್‌ಸ್ಟೋರಿ' ಆಟದಲ್ಲಿ ಸಾಧ್ಯತೆಯ ಪ್ರಮಾಣವನ್ನು ಗುಟ್ಟಾಗಿ ತಗ್ಗಿಸಿದ್ದಕ್ಕಾಗಿ ದಕ್ಷಿಣ ಕೊರಿಯಾದ ಆಯೋಗವು 2024ರ ಜನವರಿಯಲ್ಲಿ ನೆಕ್ಸಾನ್ ಕಂಪನಿಗೆ 1,160 ಕೋಟಿ ವಾನ್ ದಂಡ ವಿಧಿಸಿತು. ಗೆನ್‌ಶಿನ್ ಮೇಲೆ ಅಮೆರಿಕದ ವ್ಯಾಪಾರ ಆಯೋಗ ಹೂಡಿದ ಮೊಕದ್ದಮೆ 2025ರ ಜನವರಿಯಲ್ಲಿ ಎರಡು ಕೋಟಿ ಡಾಲರುಗಳ ಒಪ್ಪಂದದಲ್ಲಿ ಮುಗಿಯಿತು. ಹದಿನಾರರೊಳಗಿನವರಿಗೆ ಹೆತ್ತವರ ಒಪ್ಪಿಗೆಯಿಲ್ಲದೆ ಅದೃಷ್ಟದ ಪೆಟ್ಟಿಗೆ ಮಾರಕೂಡದೆಂಬುದು ಅದರ ಷರತ್ತು.

ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಗೆಲ್ಲುವ ಆಸೆಯಿಂದ ಹಣ ಒಡ್ಡುವ ಆಟಗಳನ್ನು ನಿಷೇಧಿಸಿದ್ದು ಸ್ವಾಗತಾರ್ಹ. ಆದರೆ ಹಣ ನುಂಗಿ ಚಿತ್ರ ಕೊಡುವ ಈ ಜೂಜು ತನ್ನ ಬೆಲೆಯನ್ನೂ ಸಾಧ್ಯತೆಯನ್ನೂ ಪ್ರಕಟಿಸಬೇಕೆಂಬ ಸ್ಪಷ್ಟ ವಿಧಿ ಆ ಕಾಯಿದೆಯಲ್ಲಿಲ್ಲ. ಪ್ರತಿ ಚೀಟಿಯ ಬೆಲೆ ರೂಪಾಯಿಯಲ್ಲೇ ಇರಲಿ. ಅಪ್ರಾಪ್ತರಿಗೆ ಮಾರಾಟ ನಿಲ್ಲಲಿ.

ಹೊರನಾಡಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವುದು ಸಂಜೆಯ ಒಂದೆರಡು ಗಂಟೆ ಮಾತ್ರ. ಪುಕ್ಕಟೆ ಆಟ ಮೊದಲು ಕಸಿಯುವುದು ಆ ಸಂಜೆಯನ್ನೇ. ಪಗಡೆಯಲ್ಲಿ ಧರ್ಮರಾಯನು ರಾಜ್ಯ ಸೋತನು. ಆದರೆ ತಾನು ಏನನ್ನು ಒಡ್ಡುತ್ತಿದ್ದೇನೆಂದು ಅವನಿಗೆ ತಿಳಿದಿತ್ತು. ನಮ್ಮ ಮಕ್ಕಳಿಗೆ ಅಷ್ಟೂ ತಿಳಿಯಗೊಡದ ಈ ವ್ಯಾಪಾರವನ್ನು ಆಟವೆಂದು ಕರೆಯಲು ನಾನು ಒಪ್ಪಲಾರೆ.