ಎಮ್ಮೆಯ ಗುಂಡಿಗೆಯ ಅಳತೆ ಯಾರ ಹತ್ತಿರ ಇದೆ?



ಸ್ಕ್ಯಾನಿಂಗ್ ಅಂದಕೂಡಲೇ ನಮ್ಮ ಶಿರಗುಪ್ಪಿಯ ಜನಕ್ಕೆ ಬಸುರಿ ಹೆಣ್ಣುಮಕ್ಕಳು ನೆನಪಾಗುತ್ತಾರೆ. ದನದ ಎದೆಗೂ ಆ ಯಂತ್ರ ಹಿಡಿಯಬಹುದು ಅಂದರೆ ಕಟ್ಟೆಯ ಮೇಲಿನವರು ನಗುತ್ತಾರೆ. ಇದು ನಗುವ ಮಾತಲ್ಲ, ಸಾಲದ ಮಾತು.

ದನ ಮೇವನ್ನು ಆರಿಸಿ ತಿನ್ನುವುದಿಲ್ಲ; ಬಾಚಿ ನುಂಗಿ ಆಮೇಲೆ ಮೆಲಕು ಹಾಕುತ್ತದೆ. ಕಣಕಿಯೊಳಗೆ ತಂತಿಯ ತುಂಡು, ಮೊಳೆ ಇದ್ದರೆ ಅದೂ ಒಳಗೆ ಹೋಯಿತು. ಹೋಗಿ ಕೂಡುವುದು ಜೇನುಹುಟ್ಟಿನಂಥ ಎರಡನೆಯ ಹೊಟ್ಟೆಯಲ್ಲಿ. ಅದಕ್ಕೂ ಗುಂಡಿಗೆಗೂ ನಡುವೆ ಇರುವುದು ವಪೆಯ ತೆಳು ಪರದೆ. ತಂತಿ ಅದನ್ನು ತೂರಿ ಗುಂಡಿಗೆಯ ಹೊರಚೀಲ ಚುಚ್ಚಿತೋ, ಅಲ್ಲಿ ಕೀವು ನೀರು ತುಂಬುತ್ತದೆ. ಕೊರಳಿನ ರಕ್ತನಾಳ ಹಗ್ಗದಂತೆ ಉಬ್ಬಿ, ಎದೆಯ ಮುಂದೆ ಬಾವು ಇಳಿದಾಗ ನಾವು ದನದ ದವಾಖಾನಿಗೆ ಓಡುತ್ತೇವೆ. ಅಷ್ಟೊತ್ತಿಗೆ ಬಹಳ ಸಲ ಕೈ ಮೀರಿರುತ್ತದೆ. ಎಮ್ಮೆ ಸತ್ತರೆ ಹಾಲು ನಿಂತೀತು, ಬ್ಯಾಂಕಿನ ಕಂತು ನಿಲ್ಲುತ್ತದೇನು?

ಆ ನೀರು ಹೊರಗೆ ಬಾವಾಗಿ ಕಾಣುವ ಮೊದಲೇ ಯಂತ್ರಕ್ಕೆ ಕಾಣಬಲ್ಲದು. ಕೂದಲು ಬೋಳಿಸಿ, ಜೆಲ್ ಸವರಿ, ಮುಂಗಾಲನ್ನು ತುಸು ಮುಂದಕ್ಕೆಳೆದು ಪಕ್ಕೆಲುಬಿನ ಸಂದಿಗೆ ಪ್ರೋಬ್ ಇಟ್ಟರೆ ಗುಂಡಿಗೆಯ ಕೋಣೆ, ಕವಾಟ, ಗೋಡೆಯ ದಪ್ಪ ಎಲ್ಲ ತೆರೆಯ ಮೇಲೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಆದರೆ ಗಬ್ಬ ನೋಡುವ ಪ್ರೋಬ್ ಇದಕ್ಕೆ ಸಾಲದು. ಆಳಕ್ಕೆ ಇಳಿಯುವ, ಸುಮಾರು 3.5 ಮೆಗಾಹರ್ಟ್ಸಿನದು ಬೇಕು.

ತೊಡಕು ಬೇರೆಯೇ ಇದೆ. ರೋಗದ ಗುಂಡಿಗೆ ಗುರುತಿಸಬೇಕಾದರೆ ನಿರೋಗಿ ಗುಂಡಿಗೆ ಹೇಗಿರುತ್ತದೆಂದು ಮೊದಲು ಗೊತ್ತಿರಬೇಕು. ದನದ ಗುಂಡಿಗೆಯಲ್ಲಿ ಮಹಾಧಮನಿಯ ಬುಡಕ್ಕೆ ಸಣ್ಣ ಎಲುಬೇ ಇರುತ್ತದೆ! ತಿಳಿಯದವನು ಅದನ್ನೇ ತಂತಿ ಎಂದಾನು. ಇನ್ನು ಹೊರದೇಶದ ಹೋಲ್‌ಸ್ಟೀನ್ ಆಕಳಿನ ಅಳತೆ ಹಿಡಿದು ನಮ್ಮ ಖಿಲಾರಿ ಎತ್ತನ್ನು, ಎಮ್ಮೆಯನ್ನು ಅಳೆದರೆ ಅಪ್ಪನ ಅಂಗಿ ಮಗನಿಗೆ ತೊಡಿಸಿದಂತೆ.

ಧಾರವಾಡಿ ಎಮ್ಮೆಗೆ 2021ರಲ್ಲಿ ತಳಿಯ ಮಾನ್ಯತೆ ಸಿಕ್ಕಿದೆ. ಸಂತೋಷ. ಕೊಂಬು, ಹಾಲು ಅಳೆದಂತೆ ಗುಂಡಿಗೆಯನ್ನೂ ಅಳೆಯಿರಿ. ವಯಸ್ಸುವಾರು, ಗಬ್ಬದ ತಿಂಗಳುವಾರು ದಾಖಲೆ ಮಾಡಿರಿ. ಬೀದರಿನ ಪಶು ವಿಶ್ವವಿದ್ಯಾಲಯದ ಕಾಲೇಜು ಇಲ್ಲೇ ಗದಗದಲ್ಲಿದೆ. ಹುಡುಗರು ಯಂತ್ರ ಹೊತ್ತು ನಮ್ಮ ಕೊಟ್ಟಿಗೆಗೆ ಬರಲಿ, ದನ ಹಿಡಿಯಲು ನಾವಿದ್ದೇವೆ. ಬಂದ ಅಳತೆ ಕನ್ನಡದಲ್ಲಿ ಅಚ್ಚಾಗಿ, ಪ್ರೋಬಿನ ಸಮೇತ ತಾಲೂಕಿನ ದವಾಖಾನಿಗೆ ಮುಟ್ಟಬೇಕು. ಪ್ರಬಂಧ ಬರೆದು ಕಪಾಟಿನಲ್ಲಿಟ್ಟರೆ ನಮಗೇನು ಬಂತು?

ಅಲ್ಲಿಯವರೆಗೆ ಮೇವಿನ ಸಿವುಡಿಗೆ ತಂತಿ ಬೇಡ, ಹುರಿಯಲ್ಲೇ ಕಟ್ಟಿರಿ. ದನಕ್ಕೆ ಅಯಸ್ಕಾಂತ ನುಂಗಿಸಿ ಕಬ್ಬಿಣ ಹೊಟ್ಟೆಯಲ್ಲೇ ಹಿಡಿದಿಡುವ ಉಪಾಯವೂ ಉಂಟು. ನಿಮ್ಮ ದನದ ಡಾಕ್ಟರರನ್ನು ಕೇಳಿರಿ.